ಫೀನಿಕ್ಸ್ ಪಿ-1 ಕಟ್ಟಿದ್ದು: ಅಡಿಗೆ ಒಂದು ಇಂಚಿನ ಲೆಕ್ಕ

ಫೀನಿಕ್ಸ್ ಪಿ-1 ಮಾದರಿ ಹಾರಿತು. ಹಗುರವಾದ ಬಾಲ್ಸಾ ಮರ, ಬಿದಿರು, ಒಂದು ಕಾರ್ಬನ್ ಕೊಳವೆ, ಚಿಕ್ಕದೊಂದು ಎಲೆಕ್ಟ್ರಿಕ್ ಮೋಟಾರ್, ಇಷ್ಟರಲ್ಲಿ ಕಟ್ಟಿದ್ದು. ರಿಮೋಟ್‌ನಿಂದ ಹಾರಿಸುವಂಥದ್ದು. 1965ರ 'ದಿ ಫ್ಲೈಟ್ ಆಫ್ ದಿ ಫೀನಿಕ್ಸ್' ಚಿತ್ರಕ್ಕಾಗಿ ನಿಜವಾಗಿ ಕಟ್ಟಿ, ನಿಜವಾಗಿ ಹಾರಿಸಿದ ವಿಮಾನದ ಮಾದರಿ ಇದು. ಕಿಟ್ ಸಿಗಲಿಲ್ಲ. ಹಾಗಾಗಿ ನಕ್ಷೆಯಿಂದ ಹಿಡಿದು ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ಮುಂದೆ ಯಾರಾದರೂ ಇದನ್ನು ಕಟ್ಟಲು ಕೂತರೆ ಉಪಯೋಗಕ್ಕೆ ಬರಲಿ ಅಂತ ಅಳತೆ, ತೂಕ, ಖರ್ಚು, ಮುರಿದದ್ದು ಎಲ್ಲವನ್ನೂ ಕ್ರಮವಾಗಿ ಬರೆದಿದ್ದೇನೆ.

1. ಯಾವ ಫೀನಿಕ್ಸ್?

ಮರ ಕತ್ತರಿಸುವ ಮೊದಲು ಇದನ್ನು ತೀರ್ಮಾನಿಸಬೇಕು. ಯಾಕೆಂದರೆ ತೆರೆಯ ಮೇಲೆ ಕಾಣುವ ಫೀನಿಕ್ಸ್ ಒಂದಲ್ಲ.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ತೈಲ ಕಂಪನಿಯ ಜನರನ್ನು ಹೊತ್ತ ಸರಕು ವಿಮಾನ ಬಿರುಗಾಳಿಗೆ ಸಿಕ್ಕಿ ಮರುಭೂಮಿಯಲ್ಲಿ ಬೀಳುತ್ತದೆ. ಅದಕ್ಕೆ ರೆಕ್ಕೆಯಿಂದ ಹಿಂದಕ್ಕೆ ಚಾಚಿದ ಎರಡು ಉದ್ದ ಬಾಲ. ಉಳಿದವರು ಒಂದು ಬಾಲಕ್ಕೆ ಎರಡೂ ಬದಿಯ ರೆಕ್ಕೆ ಜೋಡಿಸಿ, ಮುಂದೆ ಒಂದೇ ಎಂಜಿನ್ ಇರುವ ಹೊಸ ವಿಮಾನ ಕಟ್ಟಿ ಪಾರಾಗುತ್ತಾರೆ. ನಿರ್ದೇಶನ ರಾಬರ್ಟ್ ಆಲ್ಡ್ರಿಚ್. ಪೈಲಟ್ ಆಗಿ ಜೇಮ್ಸ್ ಸ್ಟುವರ್ಟ್. ಅವರು ಎರಡನೇ ಮಹಾಯುದ್ಧದಲ್ಲಿ ನಿಜವಾಗಿಯೂ ಬಾಂಬರ್ ಹಾರಿಸಿದವರು. ಹೊಸ ವಿಮಾನದ ವಿನ್ಯಾಸ ಮಾಡುವ ಜರ್ಮನ್ ಎಂಜಿನಿಯರ್ ಆಗಿ ಹಾರ್ಡಿ ಕ್ರೂಗರ್. ಆತ ಮಾದರಿ ವಿಮಾನಗಳ ವಿನ್ಯಾಸಗಾರ ಅನ್ನುವುದು ಉಳಿದವರಿಗೆ ತಡವಾಗಿ ಗೊತ್ತಾಗುತ್ತದೆ. ಮಾದರಿ ಕಟ್ಟುವವರಿಗೆ ಆ ದೃಶ್ಯ ಬೇರೆಯದೇ ರೀತಿಯಲ್ಲಿ ತಟ್ಟುತ್ತದೆ, ಅಲ್ವಾ? ಮಾದರಿಯ ಒಳಗೆ ಕೂತು ತಿದ್ದಲು ಪೈಲಟ್ ಇರುವುದಿಲ್ಲ, ಆದ್ದರಿಂದ ಅದರ ಲೆಕ್ಕ ಇನ್ನೂ ಸರಿಯಾಗಿರಬೇಕು ಅನ್ನುವುದು ಆತನ ವಾದ. ನನಗೆ ಆ ವಾದ ಪೂರ್ತಿ ಒಪ್ಪಿಗೆ.

ಬೀಳುವ ದೊಡ್ಡ ವಿಮಾನ ಫೇರ್‌ಚೈಲ್ಡ್ ಸಿ-82 ಪ್ಯಾಕೆಟ್. ಚಿತ್ರಕ್ಕೆ ಮೂರು ಪ್ಯಾಕೆಟ್ ಬಳಸಿದರು. ಒಂದು ಹಾರಾಟಕ್ಕೆ, ಒಂದು ಮರಳಿನ ಮೇಲೆ ಬಿದ್ದ ಅವಶೇಷಕ್ಕೆ, ಇನ್ನೊಂದು ಸ್ಟುಡಿಯೊ ಒಳಗಿನ ಚಿತ್ರೀಕರಣಕ್ಕೆ. ಫೀನಿಕ್ಸ್ ಕೂಡ ಹಾಗೆಯೇ. ನಟರು ಹತ್ತಿ ಕೆಲಸ ಮಾಡುವ ಫೀನಿಕ್ಸ್ ಬರೀ ತೋರಿಕೆಗೆ, ಅದು ಹಾರುವುದಿಲ್ಲ. ಹಾರಿದ್ದು ಚಿತ್ರಗಳಿಗೆ ವಿಮಾನ ಒದಗಿಸುತ್ತಿದ್ದ ಟಾಲ್‌ಮ್ಯಾಂಟ್ಜ್ ಏವಿಯೇಷನ್ ಕಂಪನಿ ಕಟ್ಟಿಸಿದ ಪಿ-1. ಅದು ಅಪಘಾತದಲ್ಲಿ ಹೋದ ಮೇಲೆ ಉಳಿದ ಹಾರಾಟದ ದೃಶ್ಯಗಳಿಗೆ ನಾರ್ತ್ ಅಮೆರಿಕನ್ ಒ-47ಎ ಎಂಬ ಹಳೆಯ ಸೇನಾ ವಿಮಾನ ಬಂತು.

ಫೋಟೋ ಹುಡುಕುವಾಗ ಈ ಮೂರು ಫೀನಿಕ್ಸ್‌ಗಳೂ ಬೆರೆತು ಬರುತ್ತವೆ. ಒಂದರ ಮೂತಿ, ಇನ್ನೊಂದರ ಬಾಲ ನೋಡಿ ನಕ್ಷೆ ಬಿಡಿಸಿದರೆ ಇಲ್ಲದ ವಿಮಾನ ತಯಾರಾಗುತ್ತದೆ. ಅದಕ್ಕೇ ಸಿಕ್ಕ ಚಿತ್ರಗಳನ್ನು ಮೂರು ಫೋಲ್ಡರ್ ಮಾಡಿ ಬೇರ್ಪಡಿಸಿದೆ. ಚಕ್ರ ನೆಲ ಬಿಟ್ಟಿರುವ, ಬಾಲ ಸಣ್ಣಗೆ ಉದ್ದವಾಗಿರುವ ಚಿತ್ರಗಳನ್ನು ಮಾತ್ರ ಪಿ-1 ಫೋಲ್ಡರಿಗೆ ಹಾಕಿದೆ. ನಟರು ಮೈಮೇಲೆ ನಿಂತಿರುವ ಚಿತ್ರಗಳನ್ನೆಲ್ಲ ಪಕ್ಕಕ್ಕಿಟ್ಟೆ. ಮಂಕಾದ ಫೋಟೋ ಆದರೂ ಚಿಂತೆ ಇಲ್ಲ, ಸರಿಯಾದ ವಿಮಾನದ್ದಾಗಿರಬೇಕು.

2. ನಕ್ಷೆ

ಪಿ-1 ಕಟ್ಟಿದವರು ಆಟೊ ಟಿಮ್. 1922ರಲ್ಲಿ ನೆಬ್ರಾಸ್ಕಾದ ಲಿಂಕನ್‌ನಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಮೊದಲ ಸಲ ವಿಮಾನ ಹತ್ತಿದಾಗ ಹಾರಿಸಿದ್ದು ಇವರೇ. ಪಿ-1ಕ್ಕೆ ಅವರು ಸಿಕ್ಕ ಭಾಗಗಳನ್ನೆಲ್ಲ ಸೇರಿಸಿದರು. ಬೀಚ್‌ಕ್ರಾಫ್ಟ್ ಸಿ-45ರ ಹೊರ ರೆಕ್ಕೆಗಳು. ಟಿ-6 ಟೆಕ್ಸನ್ ತರಬೇತಿ ವಿಮಾನದ ಎಂಜಿನ್, ಪ್ರೊಪೆಲರ್, ಚಕ್ರದ ಕಾಲು. ಹಿಂಬದಿ ಚಕ್ರ ನೇವಿಯನ್ ಎಂಬ ವಿಮಾನದ್ದು. ನಡುವಿನ ಮೈ ಮಾತ್ರ ಹೊಸದು, ನೋಡಲು ಪ್ಯಾಕೆಟ್‌ನ ಬಾಲದಂತೆ ಕಾಣಬೇಕು. ಕತೆಯಲ್ಲಿ ಒಂದೇ ವಿಮಾನದ ಚೂರುಗಳಿಂದ ಕಟ್ಟುತ್ತಾರೆ. ನಿಜದಲ್ಲಿ ಹಲವು ವಿಮಾನಗಳ ಚೂರುಗಳಿಂದ ಕಟ್ಟಿದರು.

ಉದ್ದ ಸುಮಾರು 45 ಅಡಿ. ರೆಕ್ಕೆ ತುದಿಯಿಂದ ತುದಿಗೆ ಸುಮಾರು 42 ಅಡಿ. ರೆಕ್ಕೆಗಿಂತ ಮೈ ಉದ್ದ. ಇದನ್ನು ಕಾಗದದ ಮೇಲೆ ನೋಡಿದಾಗಲೇ ತೊಂದರೆ ಎಲ್ಲಿ ಬರುತ್ತದೆ ಅಂತ ಗೊತ್ತಾಗಬೇಕು.

ಅಡಿಗೆ ಒಂದು ಇಂಚು ಅಂತ ಇಟ್ಟುಕೊಂಡೆ. ಉದ್ದ 45 ಇಂಚು, ಅಂದರೆ 114 ಸೆಂ.ಮೀ. ರೆಕ್ಕೆ 42 ಇಂಚು, 107 ಸೆಂ.ಮೀ. ರೆಕ್ಕೆಯ ಅಗಲ ಬುಡದಲ್ಲಿ 22, ತುದಿಯಲ್ಲಿ 12 ಸೆಂ.ಮೀ. ಒಟ್ಟು ತೂಕ ಒಂದು ಕೆಜಿ ಆಸುಪಾಸು ಇರಬೇಕು ಅಂದುಕೊಂಡೆ. ನಕ್ಷೆಯನ್ನು ಹೂವಿನ ಅಂಗಡಿಯವರು ಬಳಸುವ ಅಗಲದ ಕಂದು ಕಾಗದದ ಮೇಲೆ ಬಿಡಿಸಿದೆ. ಚೂರು ಚೂರು ಹಾಳೆ ಅಂಟಿಸಿದರೆ ಉದ್ದಕ್ಕೆ ಎರಡು ಮೂರು ಮಿ.ಮೀ. ಜರುಗುತ್ತದೆ, ಅದಕ್ಕೇ ಒಂದೇ ಹಾಳೆ.

3. ರೆಕ್ಕೆ

ಇದು ಸಲೀಸಾಗಿ ಆಯಿತು, ಆದ್ದರಿಂದ ಚುಟುಕಾಗಿ ಹೇಳುತ್ತೇನೆ.

ನಿಜವಾದ ಬೀಚ್‌ಕ್ರಾಫ್ಟ್ ರೆಕ್ಕೆ ಬುಡದಲ್ಲಿ ತುಂಬ ದಪ್ಪ. ಮಾದರಿಗೆ ಅಷ್ಟು ದಪ್ಪ ಬೇಡ. ರೆಕ್ಕೆಯ ಅಡ್ಡಕೊಯ್ತಕ್ಕೆ ಕ್ಲಾರ್ಕ್ ವೈ ಎಂಬ ಆಕಾರ ತೆಗೆದುಕೊಂಡೆ. ಅದರ ತಳ ಹೆಚ್ಚು ಕಡಿಮೆ ಚಪ್ಪಟೆ, ಮೇಜಿನ ಮೇಲೆಯೇ ಇಟ್ಟು ಕಟ್ಟಬಹುದು. ರಿಬ್‌ಗಳು (ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳು) 2 ಮಿ.ಮೀ. ಬಾಲ್ಸಾ. ಮೇಲೊಂದು ಕೆಳಗೊಂದು 5 ಮಿ.ಮೀ. ಚೌಕದ ಸ್ಪ್ರೂಸ್ ಮರದ ಸ್ಪಾರ್, ಅಂದರೆ ರೆಕ್ಕೆಯುದ್ದಕ್ಕೂ ಹೋಗುವ ತೊಲೆ. ಅವೆರಡರ ನಡುವೆ ಬಾಲ್ಸಾ ತಡಿಕೆ. ಮುಂದಿನ ಅಂಚಿಗೆ ತೆಳು ಹಾಳೆ ಸುತ್ತಿದೆ. ಪ್ರತಿ ತುದಿ 35 ಮಿ.ಮೀ. ಮೇಲಕ್ಕೆ. ಎರಡು ಐಲೆರಾನ್‌ಗೆ (ವಿಮಾನವನ್ನು ಬದಿಗೆ ವಾಲಿಸುವ, ರೆಕ್ಕೆಯ ಹಿಂಬದಿಯ ಪಟ್ಟಿಗಳು) ಎರಡು 9 ಗ್ರಾಂ ಸರ್ವೊ (ರಿಮೋಟ್ ಹೇಳಿದಂತೆ ತಿರುಗುವ ಪುಟ್ಟ ಮೋಟಾರ್).

ತೊಂದರೆ ಬಂದದ್ದು ಹೊದಿಕೆಯಲ್ಲಿ. ಪ್ಲಾಸ್ಟಿಕ್ ಫಿಲ್ಮ್ ಅನ್ನು ಇಸ್ತ್ರಿಪೆಟ್ಟಿಗೆಯಲ್ಲಿ ಬಿಸಿ ಮಾಡಿ ಬಿಗಿ ಮಾಡುವಾಗ ಎಡ ರೆಕ್ಕೆ ತಿರುಚಿಕೊಂಡಿತು. ತುದಿಯಲ್ಲಿ ಹಿಂಬದಿ ಅಂಚು 4 ಮಿ.ಮೀ. ಕೆಳಗೆ ಇಳಿದಿತ್ತು. ಹೀಗೇ ಹಾರಿಸಿದರೆ ಒಂದು ಬದಿಗೆ ಉರುಳುವುದು ಖಂಡಿತ. ರೆಕ್ಕೆಯನ್ನು ಎದುರು ದಿಕ್ಕಿಗೆ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ತಿರುಚಿ ಹಿಡಿದು, ಮೇಲೆ ಕೆಳಗೆ ಎರಡೂ ಕಡೆ ಮತ್ತೆ ಬಿಸಿ ಕೊಟ್ಟು, ಆರುವವರೆಗೂ ಬಿಡದೆ ಹಿಡಿದರೆ ಸರಿಹೋಗುತ್ತದೆ. ಹಿಡಿಯಲು ಇನ್ನೊಬ್ಬರು ಬೇಕು.

4. ಬಾಲ, ಮೊದಲನೆಯದು

ಈ ವಿಮಾನದ ಕಷ್ಟವೆಲ್ಲ ಇರುವುದು ಇಲ್ಲಿ.

ಪ್ಯಾಕೆಟ್‌ನ ಬಾಲದ ಆಕಾರ ಹೇಗೆ ಸಣ್ಣದಾಗುತ್ತಾ ಹೋಗುತ್ತದೆ ಅನ್ನುವುದಕ್ಕೆ ನನಗೆ ನೆರವಾದವರು ನಮ್ಮ ಜೊತೆ ಮೈದಾನಕ್ಕೆ ಬರುವ ಒಬ್ಬ ಹಿರಿಯರು. ವಾಯುಪಡೆಯಲ್ಲಿ ಪ್ಯಾಕೆಟ್‌ಗಳ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ನಮ್ಮ ವಾಯುಪಡೆಯಲ್ಲಿದ್ದದ್ದು ಸಿ-82 ಅಲ್ಲ, ಅದರ ನಂತರ ಬಂದ ಸಿ-119. 1954ರಿಂದ ಬಂದವು. ಆದರೆ ಅದಕ್ಕೂ ಪ್ಯಾಕೆಟ್ ಅಂತಲೇ ಹೆಸರು ಉಳಿಯಿತು. 1962ರ ಜುಲೈನಲ್ಲಿ ಲಡಾಖ್‌ನ ದೌಲತ್ ಬೇಗ್ ಓಲ್ಡಿಯಲ್ಲಿ, 16,000 ಅಡಿಗಿಂತ ಮೇಲೆ, ಸ್ಕ್ವಾಡ್ರನ್ ಲೀಡರ್ ಸಿ.ಕೆ.ಎಸ್. ರಾಜೆ ಇಳಿಸಿದ್ದು ಇಂಥ ಪ್ಯಾಕೆಟ್ ವಿಮಾನವನ್ನೇ. ಅಷ್ಟು ಎತ್ತರದಲ್ಲಿ ಎರಡು ಎಂಜಿನ್ ಸಾಲದು ಅಂತ ಅದರ ಬೆನ್ನ ಮೇಲೆ ಒಂದು ಜೆಟ್ ಎಂಜಿನ್ ಕೂರಿಸುತ್ತಿದ್ದರು. ಬೆಂಗಳೂರಿನ ಎಚ್‌ಎಎಲ್ ತಯಾರಿಸುತ್ತಿದ್ದ ಆರ್ಫಿಯಸ್ ಎಂಜಿನ್ ಈ ಕೆಲಸಕ್ಕೂ ಬಂತು. ಚಿತ್ರಕ್ಕೆ ಪ್ಯಾಕೆಟ್‌ಗಳನ್ನು ಕೊಟ್ಟ ಲಾಂಗ್ ಬೀಚ್‌ನ ಸ್ಟುವರ್ಡ್-ಡೇವಿಸ್ ಕಂಪನಿಯೂ ಹೆಸರು ಮಾಡಿದ್ದು ಇದೇ ಕೆಲಸದಲ್ಲಿ, ಪ್ಯಾಕೆಟ್ ಬೆನ್ನಿಗೆ ಜೆಟ್ ಜೋಡಿಸುವುದರಲ್ಲಿ.

ಹಿರಿಯರು ನನ್ನ ನಕ್ಷೆ ನೋಡಿ ಹೇಳಿದ್ದು ಒಂದೇ ಮಾತು: "ನೋಡಪ್ಪ, ಪ್ಯಾಕೆಟ್‌ಗೆ ಎರಡು ಬಾಲ ಇತ್ತು, ಎರಡನ್ನೂ ಹಿಂದೆ ಅಡ್ಡಪಟ್ಟಿ ಹಿಡಿದಿತ್ತು. ನೀನು ಒಂದನ್ನೇ ಕಿತ್ತು ತಂದಿದ್ದೀಯ. ಅದನ್ನ ಯಾರು ಹಿಡೀತಾರೆ?"

ಮೈಯನ್ನು 3 ಮಿ.ಮೀ. ಬಾಲ್ಸಾ ಹಾಳೆಯ ಪೆಟ್ಟಿಗೆ ತರಹ ಮಾಡಿದೆ. ರೆಕ್ಕೆಯ ಹತ್ತಿರ 9 ಸೆಂ.ಮೀ. ಎತ್ತರ, ಬಾಲದ ತುದಿಯಲ್ಲಿ 4. ಮೂಲೆಗಳಿಗೆ ತ್ರಿಕೋನ ಪಟ್ಟಿ. ಆಮೇಲೆ ಮೂಲೆ ಉಜ್ಜಿ ದುಂಡು ಮಾಡಿದೆ. ನೋಡಲು ಚೆನ್ನಾಗಿತ್ತು, ತೂಕವೂ ಕಡಿಮೆ.

ಪರೀಕ್ಷೆ ಹೀಗೆ: ರೆಕ್ಕೆ ಕೂರುವ ಜಾಗವನ್ನು ಮೇಜಿಗೆ ಕ್ಲ್ಯಾಂಪ್ ಮಾಡಿ, ಬಾಲದ ತುದಿಗೆ ಚೀಲ ಕಟ್ಟಿ ಸ್ವಲ್ಪ ಸ್ವಲ್ಪವೇ ಮರಳು ಸುರಿಯುವುದು. 2 ಕೆಜಿ ತಡೆಯಬೇಕು. ಒರಟಾಗಿ ಇಳಿದಾಗ ಬಾಲಕ್ಕೆ ಬೀಳುವ ಏಟಿಗೆ ಅಷ್ಟಾದರೂ ಬೇಕು. ಒಂದೂವರೆ ಕೆಜಿಗೇ ಚಟ್ ಅಂತ ಮುರಿಯಿತು. ರೆಕ್ಕೆಯ ಹಿಂದೆ, ನಾಲ್ಕು ಬೆರಳು ದೂರದಲ್ಲಿ.

ಮುರಿದ ಅಂಚು ನೋಡಿದರೆ ಕಾರಣ ಸ್ಪಷ್ಟ. ಬಾಲ್ಸಾ ಹಾಳೆ ಸಿಗುವುದು 36 ಇಂಚು ಉದ್ದ. ಮೈ 45 ಇಂಚು. ಎಲ್ಲೋ ಒಂದು ಕಡೆ ಜೋಡಿಸಲೇಬೇಕು. ನಾಲ್ಕೂ ಬದಿಯ ಜೋಡಣೆ ಒಂದೇ ಸಾಲಿನಲ್ಲಿ ಬಂದಿತ್ತು, ಅದೂ ನೇರ ಜೋಡಣೆ. ಅದರ ಪಕ್ಕದಲ್ಲೇ ಸರ್ವೊ ಕೂರಿಸಲು ಕೆಳಗಡೆ 6 ಸೆಂ.ಮೀ. ಕಿಂಡಿ ಕೊರೆದಿದ್ದೆ. ಮರ ಎಲ್ಲೂ ಸೀಳಿಲ್ಲ. ಬಿಟ್ಟದ್ದು ಅಂಟಿನ ಗೆರೆ ಮಾತ್ರ.

ನಿಜವಾದ ಪಿ-1 ಮುರಿದದ್ದೂ ಮೈಯ ನಡುವೆಯೇ. 1965ರ ಜುಲೈ 8ರ ಬೆಳಿಗ್ಗೆ, ಅಮೆರಿಕದ ಅರಿಝೋನಾದ ಯೂಮಾ ಹತ್ತಿರದ ಮರುಭೂಮಿ. ಹಾರಿಸುತ್ತಿದ್ದವರು ಪಾಲ್ ಮ್ಯಾಂಟ್ಜ್, 61 ವರ್ಷ. ಹಾಲಿವುಡ್‌ನಲ್ಲಿ ವಿಮಾನ ಹಾರಿಸುವ ಕೆಲಸಕ್ಕೆ ಅವರಿಗಿಂತ ದೊಡ್ಡ ಹೆಸರಿರಲಿಲ್ಲ. 1946ರಿಂದ 1948ರವರೆಗೆ ಸತತ ಮೂರು ವರ್ಷ ಬೆಂಡಿಕ್ಸ್ ಎಂಬ ವಿಮಾನ ರೇಸ್ ಗೆದ್ದವರು. ಆ ದಿನದ ಹಾರಾಟ ಪಾಲುದಾರ ಫ್ರಾಂಕ್ ಟಾಲ್ಮನ್ ಅವರದ್ದಾಗಬೇಕಿತ್ತು. ಅವರ ಕಾಲಿಗೆ ಪೆಟ್ಟಾಗಿದ್ದರಿಂದ ಮ್ಯಾಂಟ್ಜ್ ಕೂತರು. ಫೀನಿಕ್ಸ್ ಮರಳಿನಿಂದ ಮೇಲೇಳುವ ದೃಶ್ಯಕ್ಕಾಗಿ ಚಕ್ರ ನೆಲಕ್ಕೆ ತಾಗಿಸಿ ಮತ್ತೆ ಏರಬೇಕಿತ್ತು. ಎರಡನೇ ಸಲ ತೆಗೆಯುವಾಗ ಸಣ್ಣ ದಿಬ್ಬ ತಾಗಿತು. ಪೂರ್ತಿ ಶಕ್ತಿ ಕೊಟ್ಟು ಎತ್ತಲು ನೋಡಿದರು. ಮೈ ಎರಡು ತುಂಡಾಗಿ, ಮೂತಿ ನೆಲಕ್ಕೆ ಬಡಿಯಿತು. ಮ್ಯಾಂಟ್ಜ್ ಅಲ್ಲೇ ತೀರಿಕೊಂಡರು. ಅವರ ಹಿಂದೆ ನಿಂತಿದ್ದ ಸಾಹಸ ಕಲಾವಿದ ಬಾಬಿ ರೋಸ್ ತೀವ್ರವಾಗಿ ಗಾಯಗೊಂಡರು. ಚಿತ್ರದ ಕೊನೆಯಲ್ಲಿ ಮ್ಯಾಂಟ್ಜ್ ಅವರಿಗೆ ಅರ್ಪಣೆಯ ಸಾಲುಗಳಿವೆ.

ಈ ಮಾದರಿ ಕಟ್ಟುವವರು ಕೌಲ್‌ಗೂ (ಎಂಜಿನ್ ಸುತ್ತಿನ ಕವಚ) ಬಣ್ಣಕ್ಕೂ ಸಮಯ ಕಡಿಮೆ ಕೊಟ್ಟರೂ ನಡೆಯುತ್ತದೆ. ರೆಕ್ಕೆ ಹಿಂದಿನ ಆ ಒಂದು ಗೇಣು ಜಾಗಕ್ಕೆ ಮಾತ್ರ ಕಡಿಮೆ ಕೊಡಬಾರದು.

5. ಬಾಲ, ಎರಡನೆಯದು

ಹೊಸದಾಗಿ ಮಾಡಿದೆ. ಬದಲಾವಣೆ ನಾಲ್ಕು.

ಹಾಳೆಗಳ ಜೋಡಣೆ ಓರೆಯಾಗಿ. 3 ಮಿ.ಮೀ. ಹಾಳೆಗೆ 36 ಮಿ.ಮೀ. ಉದ್ದದ ಇಳಿಜಾರು ಉಜ್ಜಿ, ಎರಡು ಇಳಿಜಾರನ್ನು ಒಂದರ ಮೇಲೊಂದು ಇಟ್ಟು ಅಂಟಿಸಿದೆ. ಎರಡೂ ಹಾಳೆ ಮೇಜಿನ ಅಂಚಿಗೆ ಜೋಡಿಸಿಟ್ಟು ಒಟ್ಟಿಗೇ ಉಜ್ಜಿದರೆ ಇಳಿಜಾರು ಒಂದೇ ಸಮ ಬರುತ್ತದೆ. ಅಂಟು ನಿಧಾನವಾಗಿ ಆರುವ ಎಪಾಕ್ಸಿ. ಸೂಪರ್ ಗ್ಲೂ ಇಲ್ಲಿ ಬೇಡ, ಆರಿದ ಮೇಲೆ ಗಾಜಿನ ಹಾಗೆ ಬಿರುಕು ಬಿಡುತ್ತದೆ.

ನಾಲ್ಕು ಬದಿಯ ಜೋಡಣೆ ನಾಲ್ಕು ಬೇರೆ ಬೇರೆ ಜಾಗದಲ್ಲಿ. ಎರಡು ಜೋಡಣೆ ರೆಕ್ಕೆಯ ಮುಂದೆ, ಎರಡು ಬಾಲದ ಹತ್ತಿರ. ರೆಕ್ಕೆ ಹಿಂದಿನ 25 ಸೆಂ.ಮೀ.ನಲ್ಲಿ ಒಂದೂ ಇಲ್ಲ.

ಸರ್ವೊ ಕಿಂಡಿ ರೆಕ್ಕೆಯ ಅಡಿಗೆ ಹೋಯಿತು. ರೆಕ್ಕೆ ಬಿಚ್ಚಿದರೆ ಸರ್ವೊ ಕಾಣುತ್ತದೆ. ಹಿಂದೆ ಮೈಗೆ ಎಲ್ಲೂ ತೂತಿಲ್ಲ.

ಒಳಗೆ ಹೊರ ಅಳತೆ 10, ಒಳ ಅಳತೆ 8 ಮಿ.ಮೀ. ಇರುವ ಕಾರ್ಬನ್ ಕೊಳವೆ, 70 ಸೆಂ.ಮೀ. ಉದ್ದ. ರೆಕ್ಕೆಯ ಮುಂದಿನ ಪ್ಲೈವುಡ್ ತಡೆಯಿಂದ (ಮೈಯೊಳಗಿನ ಅಡ್ಡಹಲಗೆ) ಹಿಡಿದು ಹಿಂದಕ್ಕೆ. ಸಾಗುವ ದಾರಿಯಲ್ಲಿ ಪ್ರತಿ ತಡೆಯಲ್ಲೂ ತೂತು ಕೊರೆದು ಎಪಾಕ್ಸಿ ಹಾಕಿದೆ. ಕೊಳವೆಯ ಹೊಳಪು ಮೈಯನ್ನು ಮೊದಲು ಮರಳು ಕಾಗದದಿಂದ ಉಜ್ಜದಿದ್ದರೆ ಅಂಟು ಹಿಡಿಯುವುದಿಲ್ಲ. ಕೊಳವೆ ಕತ್ತರಿಸುವಾಗ ಮಾಸ್ಕ್ ಹಾಕಿ, ನೀರು ಚಿಮುಕಿಸುತ್ತಾ ಕತ್ತರಿಸಿ. ಆ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕೊಳವೆಯ ತೂಕ 31 ಗ್ರಾಂ.

ಮತ್ತೆ ಮರಳಿನ ಚೀಲ. 2 ಕೆಜಿ, 3 ಕೆಜಿ, 5 ಕೆಜಿ. ಬಗ್ಗಿತು, ಸದ್ದು ಮಾಡಲಿಲ್ಲ. ಅಲ್ಲಿಗೆ ನಿಲ್ಲಿಸಿದೆ. ಚೀಲ ತೆಗೆದ ಮೇಲೆ ನೆಟ್ಟಗೆ ಮೊದಲಿನ ಜಾಗಕ್ಕೆ ಬಂತು.

6. ಮೂತಿ ಮತ್ತು ತೂಕ

ಮೋಟಾರ್ 2212 ಅಳತೆಯದು, 1000 ಕೆವಿ, ಅಂದರೆ ಒಂದು ವೋಲ್ಟ್‌ಗೆ ನಿಮಿಷಕ್ಕೆ 1000 ಸುತ್ತು. 30 ಆಂಪಿಯರ್ ಇಎಸ್‌ಸಿ, ಅಂದರೆ ಮೋಟಾರಿನ ವೇಗ ನಿಯಂತ್ರಕ. ಮೂರು ಸೆಲ್‌ನ 2200 ಎಂಎಎಚ್ ಲಿಪೊ ಬ್ಯಾಟರಿ. 10×4.5 ಇಂಚಿನ ಪ್ರೊಪೆಲರ್. ಅಡುಗೆ ಮನೆಯ ತಕ್ಕಡಿಗೆ ಒತ್ತುವಂತೆ ಕಟ್ಟಿ ನೋಡಿದರೆ 860 ಗ್ರಾಂ ಎಳೆತ. ಸಾಕು.

ಕೌಲ್ ಒಳಗೆ ತೋರಿಕೆಯ ರೇಡಿಯಲ್ ಎಂಜಿನ್, ಅಂದರೆ ಒಂಬತ್ತು ಸಿಲಿಂಡರ್ ಚಕ್ರದ ಅರಗಳಂತೆ ಸುತ್ತಲೂ ನಿಂತದ್ದು. ಜ್ಯೂಸ್ ಸ್ಟ್ರಾ ಕತ್ತರಿಸಿ, ಕಪ್ಪು ದಾರ ಬಿಗಿಯಾಗಿ ಸುತ್ತಿದರೆ ಸಿಲಿಂಡರಿನ ಪಟ್ಟಿಗಳ ಹಾಗೇ ಕಾಣುತ್ತದೆ. 14 ಗ್ರಾಂ. ಸಿಲಿಂಡರುಗಳ ನಡುವೆ ಗಾಳಿ ಹೋಗಲು ಜಾಗ ಬಿಡಿ, ಇಲ್ಲದಿದ್ದರೆ ಮೋಟಾರ್ ಸುಡುತ್ತದೆ. ಚಿತ್ರದಲ್ಲಿ ಎಂಜಿನ್ ಹತ್ತಿಸುವುದು ಸಿಡಿಯುವ ಕಾರ್ಟ್ರಿಜ್‌ಗಳಿಂದ, ಮತ್ತು ಅವು ಇರುವುದೇ ಕೆಲವು. ಪೈಲಟ್ ಅದರಲ್ಲಿ ಒಂದನ್ನು ಬರೀ ಸಿಲಿಂಡರ್ ಶುಚಿ ಮಾಡಲು ಸುಡುವ ದೃಶ್ಯ ನೋಡಿದವರು ಮರೆಯುವುದಿಲ್ಲ. ಈ ತೋರಿಕೆ ಎಂಜಿನ್ ಕೂರಿಸುವಾಗ ನನಗೆ ನೆನಪಾಗುತ್ತಿದ್ದದ್ದು ಅದೇ.

ಇನ್ನು ತೂಕದ ಮಾತು. ಸಮತೋಲನದ ಜಾಗ ಮೂತಿಯಿಂದ 34 ಸೆಂ.ಮೀ. ಹಿಂದೆ. ಬಾಲ ಅಲ್ಲಿಂದ 72 ಸೆಂ.ಮೀ. ದೂರ. ಬ್ಯಾಟರಿ ಮುಂದಕ್ಕೆ ಎಷ್ಟು ತಳ್ಳಿದರೂ 24 ಸೆಂ.ಮೀ. ಅಂದರೆ ಬಾಲದಲ್ಲಿ 10 ಗ್ರಾಂ ಜಾಸ್ತಿ ಆದರೆ ಮೂತಿಯಲ್ಲಿ 30 ಗ್ರಾಂ ಸೀಸ ಇಡಬೇಕು. ಒಂದಕ್ಕೆ ಮೂರು. ಇದನ್ನು ಗೋಡೆಗೆ ಬರೆದು ಅಂಟಿಸಿ ಕೆಲಸ ಮಾಡಿ.

ಹಾಗಾಗಿ ಬಾಲದ ರೆಕ್ಕೆ 34 ಸೆಂ.ಮೀ. ಅಗಲಕ್ಕೇ ನಿಲ್ಲಿಸಿದೆ. ಬಾಲ ಇಷ್ಟು ದೂರ ಇರುವಾಗ ದೊಡ್ಡದು ಬೇಕಿಲ್ಲ. ಅದನ್ನೂ ಗಟ್ಟಿ ಹಾಳೆಯಲ್ಲಿ ಮಾಡದೆ 4 ಮಿ.ಮೀ. ಕಡ್ಡಿಗಳ ಚೌಕಟ್ಟು ಮಾಡಿ ಫಿಲ್ಮ್ ಹೊದಿಸಿದೆ. ರಡರ್ (ಎಡ ಬಲ ತಿರುಗಿಸುವ ನೇರ ನಿಂತ ಪಟ್ಟಿ) ಸೇರಿ 35 ಗ್ರಾಂ. ಸರ್ವೊದಿಂದ ಬಾಲಕ್ಕೆ ಹೋಗುವ ಪುಶ್‌ರಾಡ್‌ಗೆ ಸ್ಟೀಲ್ ತಂತಿ ಬಿಟ್ಟು 2 ಮಿ.ಮೀ. ಕಾರ್ಬನ್ ಕಡ್ಡಿ ಹಾಕಿದೆ.

7. ಚಕ್ರ ಮತ್ತು ಜಾರುಪಟ್ಟಿ

ಕತೆಯಲ್ಲಿ ಫೀನಿಕ್ಸ್ ಜಾರುಪಟ್ಟಿಗಳ ಮೇಲೆ ಮರಳಲ್ಲಿ ಜಾರಿ ಏಳುತ್ತದೆ. ಪಿ-1ಕ್ಕೆ ಟಿ-6ರ ಚಕ್ರಗಳಿದ್ದವು. ಮಾದರಿಗೆ ಎರಡೂ ಬೇಕು. 3 ಮಿ.ಮೀ. ಪಿಯಾನೊ ವೈರ್ ಬಗ್ಗಿಸಿ ಕಾಲು ಮಾಡಿದೆ. 60 ಮಿ.ಮೀ. ಚಕ್ರ. ಅದರ ಎರಡೂ ಬದಿಗೆ ಬಿದಿರಿನ ಪಟ್ಟಿ, ಮೂತಿಯನ್ನು ಆವಿಯಲ್ಲಿ ಬಗ್ಗಿಸಿದ್ದು.

ಮೊದಲು ಪಟ್ಟಿಯ ತಳ ನೆಲದಿಂದ 3 ಮಿ.ಮೀ. ಮಾತ್ರ ಮೇಲಿತ್ತು. ನೋಡಲು ಅದೇ ಸರಿ. ಹುಲ್ಲಿನ ಮೇಲೆ ಓಡಿಸಿದ ಕೂಡಲೇ ಪಟ್ಟಿ ಸಿಕ್ಕಿಕೊಂಡು ಮೂತಿ ಊರಿತು. ಒಂದು ಪ್ರೊಪೆಲರ್ ಹೋಯಿತು. 8 ಮಿ.ಮೀ.ಗೆ ಏರಿಸಿದೆ, ಪಟ್ಟಿಯ ಮೂತಿ ಇನ್ನಷ್ಟು ಮೇಲಕ್ಕೆ ಬಗ್ಗಿಸಿದೆ. ಆಮೇಲೆ ತೊಂದರೆ ಇಲ್ಲ. ಸಾಧ್ಯವಾದರೆ ಹುಲ್ಲು ಕಡಿಮೆ ಇರುವ ಗಟ್ಟಿ ಮಣ್ಣಿನ ಬಯಲು ಹುಡುಕಿ.

8. ಲೋಹದ ಬಣ್ಣ

ಅಲ್ಯೂಮಿನಿಯಂ ಟೇಪ್ ಅಂಟಿಸಿದರೆ ಹಳೆಯ ತಗಡಿನ ತೇಪೆಗಳು ಅದ್ಭುತವಾಗಿ ಕಾಣುತ್ತವೆ. ಇಡೀ ಬಾಲಕ್ಕೆ ಅಂಟಿಸಿದ ಮೇಲೆ ತೂಗಿ ನೋಡಿದರೆ 18 ಗ್ರಾಂ ಹೆಚ್ಚು. ಮೂತಿಗೆ 54 ಗ್ರಾಂ ಸೀಸ ಬೇಕು. ಇನ್ನೊಂದು ತೊಂದರೆ, ರಿಸೀವರ್ ಸುತ್ತ ಲೋಹದ ಹಾಳೆ ಇದ್ದರೆ ರಿಮೋಟ್‌ನ ಸಿಗ್ನಲ್ ಒಳಗೆ ಹೋಗುವುದಿಲ್ಲ. ಮೂವತ್ತು ಹೆಜ್ಜೆ ದೂರ ಹೋಗುವಷ್ಟರಲ್ಲಿ ಸರ್ವೊ ತಡಬಡಾಯಿಸಿತು. ಟೇಪ್ ಪೂರ್ತಿ ಕಿತ್ತೆ. ಕೀಳುವಾಗ ಬಾಲ್ಸಾ ಮೇಲ್ಪದರವೂ ಅಲ್ಲಲ್ಲಿ ಎದ್ದು ಬಂತು, ಅದನ್ನು ತುಂಬಿ ಉಜ್ಜಬೇಕಾಯಿತು.

ಈಗ ಇರುವುದು ಬೆಳ್ಳಿ ಬಣ್ಣದ ಸ್ಪ್ರೇ, ತೆಳ್ಳಗೆ ಒಂದೇ ಕೋಟ್. ತೇಪೆಯ ಗೆರೆಗಳನ್ನು ಮೆತ್ತನೆ ಪೆನ್ಸಿಲ್‌ನಲ್ಲಿ ಎಳೆದು, ಕೆಲವು ಚೌಕಗಳಿಗೆ ಬೂದು ಬಣ್ಣವನ್ನು ಸ್ಪಂಜಿನಲ್ಲಿ ಒತ್ತಿದೆ. ಆಂಟೆನಾ ಮೈಯಿಂದ ಹೊರಗೆ ಬಂದಿದೆ.

9. ರೆಕ್ಕೆ ಮೇಲಿನ ಜನ

ಫೀನಿಕ್ಸ್‌ನಲ್ಲಿ ಒಳಗೆ ಕೂರಲು ಜಾಗವಿಲ್ಲ. ಪೈಲಟ್ ಬಿಟ್ಟು ಉಳಿದವರು ರೆಕ್ಕೆಯ ಮೇಲೆ, ಮೈಗೆ ಒತ್ತಿಕೊಂಡು ಮಲಗುತ್ತಾರೆ. ಈ ಜನರಿಲ್ಲದೆ ಮಾದರಿ ಫೀನಿಕ್ಸ್ ಅನ್ನಿಸುವುದೇ ಇಲ್ಲ. ಆದರೆ ಇವರು ಹಾರಾಟಕ್ಕೆ ಕೊಡುವ ಕಾಟ ಅಷ್ಟಿಷ್ಟಲ್ಲ.

ಥರ್ಮೊಕೋಲ್‌ನಲ್ಲಿ ಕೆತ್ತಿದ ಗೊಂಬೆಗಳು, ತಲೆಯಿಂದ ಕಾಲಿಗೆ 14 ಸೆಂ.ಮೀ., ತಲಾ 4 ಗ್ರಾಂ. ಎಡಕ್ಕೂ ಬಲಕ್ಕೂ ಸಮಾನ ಸಂಖ್ಯೆ. ಗೊಂಬೆ ಇಲ್ಲದೆ ಚೆನ್ನಾಗಿ ಹಾರಿದ ವಿಮಾನ ಗೊಂಬೆ ಇಟ್ಟ ಮೇಲೆ ಬಾಲ ನಡುಗಿಸತೊಡಗಿತು. ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ) ಕೊಟ್ಟರೆ ಸರಿಯಾಗಿ ಕೇಳುತ್ತಿರಲಿಲ್ಲ. ಗೊಂಬೆಗಳ ಹಿಂದೆ ಎದ್ದ ಗಾಳಿಯ ಸುಳಿ ನೇರ ಬಾಲಕ್ಕೆ ಹೊಡೆಯುತ್ತಿತ್ತು.

ಪರಿಹಾರ ಚಿತ್ರದಲ್ಲೇ ಇತ್ತು. ಮಲಗಿದವರ ತಲೆಯ ಮುಂದೆ ಗಾಳಿ ತಡೆಯುವ ಸಣ್ಣ ಮರೆಗಳಿವೆ. 1 ಮಿ.ಮೀ. ಪ್ಲಾಸ್ಟಿಕ್ ಹಾಳೆ ಬಗ್ಗಿಸಿ ದುಂಡನೆಯ ಮರೆ ಮಾಡಿದೆ. ಗೊಂಬೆಗಳನ್ನು ಅರ್ಧ ದಪ್ಪಕ್ಕೆ ಉಜ್ಜಿದೆ, ಕಾಲಿನ ಕಡೆ ಚೂಪು ಮಾಡಿದೆ. ನಡುಕ ಹೆಚ್ಚುಕಡಿಮೆ ನಿಂತಿತು. ವೇಗ ಇನ್ನೂ ಸ್ವಲ್ಪ ಕಡಿಮೆಯೇ, ಅದನ್ನು ಒಪ್ಪಿಕೊಂಡೆ.

10. ಹಾರಾಟ

ಹಾರಿಸುವ ಮೊದಲು ಸರ್ಕಾರದ ಡ್ರೋನ್ ವಾಯುವಲಯ ನಕ್ಷೆಯಲ್ಲಿ ಜಾಗ ಹಸಿರು ವಲಯದಲ್ಲಿದೆಯೇ ನೋಡಿ. ನಾವು ಹಾರಿಸುವುದು ಊರ ಹೊರಗಿನ ಬಯಲಿನಲ್ಲಿ, ಬೆಳಿಗ್ಗೆ ಗಾಳಿ ಏಳುವ ಮೊದಲು.

ಮೊದಲ ಏರಿಕೆಯಲ್ಲಿ ಶಕ್ತಿ ಕೊಟ್ಟ ಕೂಡಲೇ ಮೂತಿ ಮೇಲಕ್ಕೆ ಎದ್ದಿತು, ಎಡಕ್ಕೂ ಎಳೆಯಿತು. ತಕ್ಷಣ ಇಳಿಸಿ, ಮೋಟಾರ್ ಹಿಂದೆ ವಾಷರ್ ಇಟ್ಟು 2 ಡಿಗ್ರಿ ಕೆಳಕ್ಕೆ, 2 ಡಿಗ್ರಿ ಬಲಕ್ಕೆ ತಿರುಗಿಸಿದೆ. ಆಮೇಲೆ ನೇರ ಹೋಯಿತು. ಸಮತೋಲನದ ಜಾಗ ರೆಕ್ಕೆ ಬುಡದ ಮುಂದಿನ ಅಂಚಿನಿಂದ 65 ಮಿ.ಮೀ. ಇತ್ತು, 60ಕ್ಕೆ ತಂದ ಮೇಲೆ ಇನ್ನೂ ಶಾಂತವಾಯಿತು. ಅದಕ್ಕೆ ಮೂತಿಗೆ 30 ಗ್ರಾಂ ಸೀಸ ಹೋಯಿತು. ಒಟ್ಟು ತೂಕ 1,040 ಗ್ರಾಂ.

ಎಲಿವೇಟರ್ ಚಲನೆ ಮೇಲೆ ಕೆಳಗೆ 8 ಮಿ.ಮೀ. ಸಾಕು. ಬಾಲ ದೂರ ಇರುವುದರಿಂದ ಅಷ್ಟಕ್ಕೇ ಜೋರಾಗಿ ಕೇಳುತ್ತದೆ. ಐಲೆರಾನ್ 10, ರಡರ್ 20. ಇಳಿಸುವಾಗ ಪೂರ್ತಿ ಶಕ್ತಿ ತೆಗೆಯಬೇಡಿ, ಕಾಲು ಭಾಗ ಇಟ್ಟುಕೊಂಡೇ ತನ್ನಿ. ನಿಧಾನ ಮಾಡಿದರೆ ರೆಕ್ಕೆ ತುದಿ ಥಟ್ಟನೆ ಬೀಳುತ್ತದೆ. ಆರು ನಿಮಿಷಕ್ಕೆ ಇಳಿಸಿಬಿಡುತ್ತೇನೆ, ಬ್ಯಾಟರಿಯಲ್ಲಿ ಇನ್ನೂ ಸ್ವಲ್ಪ ಉಳಿದಿರುತ್ತದೆ.

ಚಕ್ರ ನೆಲಕ್ಕೆ ತಾಗಿಸಿ ಮತ್ತೆ ಏರುವುದನ್ನು ಈ ವಿಮಾನದಲ್ಲಿ ಮಾಡುವುದಿಲ್ಲ. ಮಾದರಿ ತಡೆಯುತ್ತದೆ ಅಂತ ಗೊತ್ತು. ಮ್ಯಾಂಟ್ಜ್ ಅವರ ಕೊನೆಯ ಹಾರಾಟ ಅದು. ಮೈದಾನದಲ್ಲಿ ಯಾರಾದರೂ ಕೇಳಿದರೆ ಕಾರಣ ಹೇಳುತ್ತೇನೆ, ಅವರ ಹೆಸರೂ ಹೇಳುತ್ತೇನೆ.

ಖರ್ಚು

ಬಾಲ್ಸಾ ಹಾಳೆ 2,100 ರೂಪಾಯಿ. ಪ್ಲೈವುಡ್ 300. ಕಾರ್ಬನ್ ಕೊಳವೆ 900. ಹೊದಿಕೆ ಫಿಲ್ಮ್ 700. ಮೋಟಾರ್ 650, ಇಎಸ್‌ಸಿ 550, ನಾಲ್ಕು ಸರ್ವೊ 600. ಬ್ಯಾಟರಿ 1,700. ಅಂಟುಗಳು 400. ಪ್ರೊಪೆಲರ್ ಎರಡು, 240. ತಂತಿ, ಚಕ್ರ 450. ಬಣ್ಣ 350. ಬಿದಿರು, ದಾರ, ಸ್ಟ್ರಾ ಎಲ್ಲ ಸೇರಿ 60. ಅಲ್ಲಿಗೆ 9,000. ಮುರಿದ ಮೊದಲ ಬಾಲದ ಮರ ಬೇರೆ 600. ರಿಮೋಟ್ ಮತ್ತು ರಿಸೀವರ್ ಮೊದಲೇ ಇತ್ತು. ಇಲ್ಲದವರು ಅದಕ್ಕೆ ಇನ್ನೊಂದು ನಾಲ್ಕೈದು ಸಾವಿರ ಸೇರಿಸಿಕೊಳ್ಳಬೇಕು.

ಬಾಕಿ ಇರುವುದು ಒಂದು ಕೆಲಸ. ರೆಕ್ಕೆ ಬಿಚ್ಚಿದರೂ 114 ಸೆಂ.ಮೀ. ಮೈ ಸ್ಕೂಟರಿನಲ್ಲಿ ಒಯ್ಯುವುದು ಕಷ್ಟ. ಬಾಲವನ್ನು ನಡುವೆ ಬಿಚ್ಚುವಂತೆ ಮಾಡು ಅಂತ ಸ್ನೇಹಿತರು ಹೇಳುತ್ತಿದ್ದಾರೆ. ಅಲ್ಲಿ ಮಾತ್ರ ಜೋಡಣೆ ಇಡಲು ನನಗೆ ಮನಸ್ಸಿಲ್ಲ. ಅದರ ಬದಲು ಬಾಲದ ಅಡ್ಡರೆಕ್ಕೆ ಎರಡು ನೈಲಾನ್ ಬೋಲ್ಟ್‌ನಲ್ಲಿ ಬಿಚ್ಚುವ ಹಾಗೆ ಮಾಡಿ, ಮೈಗೆ ಉದ್ದನೆಯ ಪೆಟ್ಟಿಗೆ ಕಟ್ಟಿಸುತ್ತಿದ್ದೇನೆ. ಬೋಲ್ಟ್ ತೂಕ 3 ಗ್ರಾಂ, ಮೂತಿಗೆ 9 ಗ್ರಾಂ.